ಕೊನೆಯ ಪೀರಿಯಡ್ಡಿನ ಕಂಪ್ಯೂಟರ್

ಶುಕ್ರವಾರ ಬೆಳಿಗ್ಗೆ ನರಿಕೊಂಬಿನ ಮನೆಯಿಂದ ಹೊರಟು ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾದೆ. ಖಾಸಗಿ ಬಸ್ಸು ಮೊದಲು ಬಂತು, ನಾನು ಹತ್ತಲಿಲ್ಲ. ಹಿಂದಿನಿಂದ ಬಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಮೆಲ್ಕಾರಿನಲ್ಲಿ ಹಳೆಯ ಮಿಕ್ಸಿ, ಫ್ಯಾನು, ಟಿವಿ ಕೊಂಡು ಮಾರುತ್ತಾ ಅಂಗಡಿ ಕಟ್ಟಿದವಳು ನಾನು. ಸ್ವಲ್ಪ ಕಾದರೆ ಉಳಿಯುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಹೊರಟದ್ದು ತಂಗಿ ಪುಷ್ಪಳ ಕೆಲಸಕ್ಕೆ. ಕಕ್ಕಿಂಜೆಯಿಂದ ಸ್ವಲ್ಪ ಆಚೆಗಿನ ಸಣ್ಣ ಸರಕಾರಿ ಶಾಲೆಗೆ ಅವಳೇ ಮುಖ್ಯೋಪಾಧ್ಯಾಯಿನಿ. ಮೂಡುಬಿದಿರೆಯ ಒಂದು ದೊಡ್ಡ ಶಾಲೆಯವರು ಹಳೆಯ ಲ್ಯಾಪ್‌ಟಾಪುಗಳನ್ನು ಮಾರುತ್ತಾರಂತೆ, ನೀನು ಬಂದು ಚರ್ಚೆ ಮಾಡಿ ರೇಟು ಇಳಿಸಬೇಕು ಎಂದು ಫೋನು ಮಾಡಿದ್ದಳು. ಮೊದಲು ನಿನ್ನ ಶಾಲೆ ನೋಡುತ್ತೇನೆ ಎಂದೆ. ಇಡುವ ಜಾಗ ನೋಡದೆ ಸಾಮಾನು ಕೊಳ್ಳಬಾರದು. ಫ್ರಿಜ್ಜಾದರೂ ಅಷ್ಟೇ, ಕಂಪ್ಯೂಟರಾದರೂ ಅಷ್ಟೇ.

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಕಕ್ಕಿಂಜೆಯಲ್ಲಿ ಇಳಿದಾಗ ಒಳ್ಳೆಯ ಬಿಸಿಲಿತ್ತು. ಶಾಲೆಯ ಮೂಲೆಯ ಕೋಣೆಯಲ್ಲಿ, ದಸರಾ ರಜೆಯಲ್ಲಿ ಹಳೆಯ ವಿದ್ಯಾರ್ಥಿಗಳು ತಂದುಕೊಟ್ಟ ನಾಲ್ಕು ಕಂಪ್ಯೂಟರುಗಳು ಹೂವಿನ ಬಟ್ಟೆ ಹೊದ್ದು ಕುಳಿತಿದ್ದವು. ಮೌಸ್ ಎಂದರೇನು ಎಂದು ಮಕ್ಕಳನ್ನು ಕೇಳಿದೆ. ಕೈಕಟ್ಟಿ ನಿಂತು ಒಂದೇ ರಾಗದಲ್ಲಿ ಪುಸ್ತಕದ ಉತ್ತರ ಒಪ್ಪಿಸಿದರು. ಮುಟ್ಟಿದ್ದೀರಾ ಎಂದರೆ ಎಲ್ಲರೂ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಎಂತ ಮಾಡುವುದು ಅಕ್ಕ, ಕಂಪ್ಯೂಟರ್ ಕೊನೆಯ ಪೀರಿಯಡ್ಡಿಗೆ. ಈಗ ದಿನಾ ಮೂರು ಗಂಟೆಗೆ ಚಾರ್ಮಾಡಿ ಕಡೆಯಿಂದ ಗುಡುಗು. ಕೂಡಲೇ ಪ್ಲಗ್ ತೆಗೆಯುವುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಉಂಟಲ್ಲ," ಎಂದಳು ಪುಷ್ಪ.

ನಮ್ಮಲ್ಲಿ ಗುಡುಗು ಕೇಳಿದರೆ ಯಾವ ಮನೆಯಲ್ಲೂ ಗೋಡೆಯಲ್ಲಿ ಪ್ಲಗ್ ಉಳಿಯುವುದಿಲ್ಲ. ನನ್ನ ಅಂಗಡಿಗೆ ಬರುವ ಸುಟ್ಟ ಟಿವಿಗಳು ಪ್ಲಗ್ ತೆಗೆಯದೆ ಬಿಟ್ಟವರ ಮನೆಯವು. ಹಾಗಾಗಿ ನನಗೂ ಅವಳ ಮಾತು ಸರಿಯೆಂದೇ ತೋರಿತು.

ಅಷ್ಟರಲ್ಲಿ ಹಮೀದ್ ಎಂಬವರು ಬಂದರು. ಕೊಲ್ಲಿ ದೇಶದ ದಮ್ಮಾಮಿನ ಗೋದಾಮಿನಲ್ಲಿ ದುಡಿದು ಊರಿಗೆ ಮರಳಿದವರು. ಮಗಳು ಶಮೀಮಾ ಇಲ್ಲಿ ಆರನೆಯ ತರಗತಿ.

"ಟೀಚರೇ, ನಾಳೆ ಮಗಳನ್ನು ಉಜಿರೆಯ ಇಂಗ್ಲಿಷ್ ಶಾಲೆಗೆ ಕರ್ಕೊಂಡು ಹೋಗ್ತೇನೆ. ಬರುವ ವರ್ಷಕ್ಕೆ ಸೀಟು ಈಗಲೇ ಹಿಡಿಯಬೇಕಂತೆ."

"ಸ್ವಲ್ಪ ಸಮಯ ಕೊಡಿ ಹಮೀದರೇ."

"ಬೇಜಾರು ಮಾಡ್ಬೇಡಿ. ದಮ್ಮಾಮಿನಲ್ಲಿ ಸ್ಟಾಕ್ ಬರೆಯುವುದಕ್ಕೆ ನಾವೊಂದು ರೂಮು ತುಂಬ ಜನ ಇದ್ದೆವು. ಈಗ ಒಬ್ಬ ಹುಡುಗ, ಒಂದು ಕಂಪ್ಯೂಟರ್. ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಇವಳಿಗೂ ಹಾಗೆ ಆಗ್ಬಾರ್ದಲ್ಲ?"

ಹಮೀದರು ಹೋದರೆ ಅವರ ಹಿಂದೆ ಇನ್ನೂ ಕೆಲವರು ಹೋಗುತ್ತಾರೆ, ಮತ್ತೆ ಶಾಲೆಯೇ ಉಳಿಯಲಿಕ್ಕಿಲ್ಲ ಎಂದು ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಪುಷ್ಪ ಹೇಳಿದಳು.

ಮಧ್ಯಾಹ್ನ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲೆ ಮೂಡುಬಿದಿರೆ ಸೇರಿದೆವು. ಬಸ್‌ ಸ್ಟ್ಯಾಂಡಿನ ಹತ್ತಿರ ಗೋಳಿಬಜೆ ತಿಂದೆವು. ಗೋಳಿಬಜೆ ಬಿಸಿ, ಚಟ್ನಿ ನೀರು.

ಆ ಶಾಲೆಯ ಕಂಪ್ಯೂಟರ್ ಮೇಷ್ಟ್ರು ತುಂಬ ಮರ್ಯಾದಸ್ಥ ಹುಡುಗ. ನಾನು ಹೇಳಿದ ರೇಟಿಗೆ ಎರಡೇ ಸುತ್ತಿನಲ್ಲಿ ಇಳಿದ. ಇಷ್ಟು ಬೇಗ ಇಳಿದರೆ ಏನೋ ಉಂಟು ಎಂದು ಅರ್ಥ. "ಒಮ್ಮೆ ಆನ್ ಮಾಡಿ ತೋರಿಸಿ," ಎಂದೆ.

"ಈಗ ಆಗುವುದಿಲ್ಲ ಅಮ್ಮ. ಗುಡುಗು ಕೇಳ್ತಾ ಉಂಟಲ್ಲ, ಪ್ಲಗ್ ತೆಗೆದಿದ್ದೇವೆ."

"ಬ್ಯಾಟರಿಯಲ್ಲಿ?"

"ಬ್ಯಾಟರಿ ಎಲ್ಲ ಹೋಗಿದೆ. ಹಾಗಾಗಿಯೇ ಮಾರುವುದು," ಎಂದ, ಮುಖ ಸಣ್ಣದು ಮಾಡಿ.

"ಹಾಗಾದರೆ ನಿಮ್ಮ ಮಕ್ಕಳು ಕಲಿಯುವುದು ಯಾವಾಗ ಮಾರಾಯ್ರೆ?"

"ಬೆಳಿಗ್ಗೆ. ಈ ತಿಂಗಳುಗಳಲ್ಲಿ ಕಂಪ್ಯೂಟರನ್ನು ಮಧ್ಯಾಹ್ನದ ಮೇಲೆ ಇಡುವುದೇ ಇಲ್ಲ."

ನಾನು ಪುಷ್ಪಳ ಮುಖ ನೋಡಿದೆ, ಅವಳು ನನ್ನದು. ಗಣಿತ, ಇಂಗ್ಲಿಷು ಮುಖ್ಯವೆಂದು ಬೆಳಗಿಗೆ. ಆಟ, ಹಾಡು, ಕಂಪ್ಯೂಟರು ಕೊನೆಗೆ. ಎಷ್ಟೋ ಶಾಲೆಗಳ ಟೈಮ್‌ ಟೇಬಲ್ ಹೀಗೆಯೇ. ನಾಳೆಗೆ ಬೇಕಾದ ವಿದ್ಯೆ ಎಂದು ಭಾಷಣ ಮಾಡಿ, ಮಕ್ಕಳು ಚೀಲ ಕಟ್ಟುವ ಹೊತ್ತನ್ನು ಅದಕ್ಕೆ ಕೊಡುತ್ತೇವೆ. ಶಾಲೆ ನಡೆಸುವವರಿಗೆ ನನ್ನದೊಂದು ಸಲಹೆ: ಹೊಸ ಸಾಮಾನಿಗೆ ಚಂದಾ ಎತ್ತುವ ಮೊದಲು ಇರುವ ಸಾಮಾನಿಗೆ ಒಳ್ಳೆಯ ಹೊತ್ತು ಕೊಡಿ.

ಅಷ್ಟು ಚಂದದ ರೇಟನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆ ರಾತ್ರಿ ತಂಗಿಯ ಮನೆಯಲ್ಲೇ ಉಳಿದೆ.

ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆ ಮುಗಿದ ಕೂಡಲೇ ಪುಷ್ಪ ಹೂವಿನ ಬಟ್ಟೆಗಳನ್ನು ಎಳೆದು ತೆಗೆದಳು. ಮೂರು ಕಂಪ್ಯೂಟರು ಎದ್ದವು. ನಾಲ್ಕನೆಯದನ್ನು ನಾನು ಬಿಚ್ಚಿ, ಒಳಗಿನ ಮೆಮೊರಿ ಪಟ್ಟಿಯೊಂದನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಕೂರಿಸಿದೆ, ಅದೂ ಎದ್ದಿತು. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕವನ್ನು ಪುಷ್ಪ ಮಕ್ಕಳಿಂದಲೇ ಅವುಗಳಲ್ಲಿ ತುಂಬಿಸತೊಡಗಿದಳು. ಒಂದೊಂದು ಅಕ್ಷರ ಹುಡುಕುವಾಗಲೂ ಗಲಾಟೆ. "ಏ, ನೀನು ಒತ್ತಿದ್ದು ಸಾಕು, ಏಳು ಮಾರಾಯ!" ನಿನ್ನೆ ಕೈಕಟ್ಟಿ ನಿಂತಿದ್ದ ಮಕ್ಕಳೇ ಇವರು.

ಹಮೀದರ ಕಾರು ಗೇಟಿಗೆ ಬಂತು. ಬಾಗಿಲಿನಿಂದಲೇ, "ಶಮೀಮಾ, ಹೋಗುವ," ಎಂದರು.

"ಸ್ವಲ್ಪ ನಿಲ್ಲಿ ಬಾಪಾ, ಈಗ ನಂದು." ಅವಳು ಇವತ್ತು ಬೇಯಿಸಿದ ಅಕ್ಕಿಯ ತೂಕವನ್ನು ಟೈಪ್ ಮಾಡಿದಳು, ಉಳಿದ ಅಕ್ಕಿಯ ಅಂಕಿ ತಾನಾಗಿ ಇಳಿಯಿತು.

ಹಮೀದರು ಚಪ್ಪಲಿ ಕಳಚಿ ಒಳಗೆ ಬಂದರು. "ಇದು ಸ್ಟಾಕ್ ಅಲ್ವಾ?" ಎಂದು ಬಗ್ಗಿ ನೋಡಿದರು. ಮತ್ತೆ ತಂಗಿಯ ಕಡೆ ತಿರುಗಿ, "ಇವತ್ತು ತೋರಿಸಿದಿರಿ. ಸೋಮವಾರ?" ಎಂದರು.

ಪುಷ್ಪ ಗೋಡೆಯ ಹೊಸ ಟೈಮ್‌ ಟೇಬಲ್ ತೋರಿಸಿದಳು. ಕಂಪ್ಯೂಟರ್ ಮೊದಲಿಗೆ, ಅವಳೇ ಕಲಿಸುವ ಗಣಿತ ಕೊನೆಗೆ. "ಮಗ್ಗಿಗೆ ಪ್ಲಗ್ ಬೇಡವಲ್ಲ ಹಮೀದರೇ."

ಅವರು ನಗಲಿಲ್ಲ. ವಾಚು ನೋಡಿದರು. "ಉಜಿರೆಯವರು ಹತ್ತಕ್ಕೆ ಬರ್ಲಿಕ್ಕೆ ಹೇಳಿದ್ದು," ಎಂದರು, ಯಾರಿಗೆಂದಿಲ್ಲದೆ.

ನನಗೆ ಬಸ್ಸಿನ ಹೊತ್ತಾಗಿತ್ತು. ಗೇಟು ದಾಟಿ ಮೂಲೆಯ ಕೋಣೆಯ ತೆರೆದ ಬಾಗಿಲಿನತ್ತ ಒಮ್ಮೆ ತಿರುಗಿ ನೋಡಿದೆ. ಹತ್ತು ಗಂಟೆ ಕಳೆದಿತ್ತು. ಮಕ್ಕಳ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕುಳಿತು, ಹಮೀದರು ಮಗಳಿಗೆ ಎಣ್ಣೆಯ ಲೆಕ್ಕ ಓದಿ ಹೇಳುತ್ತಿದ್ದರು.