ಅರ್ಧಕ್ಕೆ ಬಿಟ್ಟ ಕೊಂಡಿ

ಸುಮ್ಮನೆ ಕೂಡುವುದೇ ನನ್ನ ಕಲೆ ಎಂದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಇವತ್ತಿಗೂ ನಗುತ್ತಾರೆ. ನಗಲಿ. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಸುಮ್ಮನೆ ಕೂಡುವುದು ಎಷ್ಟು ಕಷ್ಟವೆಂದು ಅವರಿಗೂ ಗೊತ್ತು. ಅಮಾವಾಸ್ಯೆ ದಿನ ನಮ್ಮ ಮನೆಯಲ್ಲಿ ಮಗ್ಗ ಮುಟ್ಟುವುದಿಲ್ಲ. ಅವತ್ತೂ ಅವ್ವ ಗೋಡೆಗೆ ಒರಗಿದ್ದನ್ನು ನಾನು ಕಂಡಿಲ್ಲ. ನೂಲು ಸುತ್ತುತ್ತಲೇ ಇರುತ್ತಿದ್ದಳು. "ಒಂದ್ಚೂರು ಅಡ್ಡಾಗ ಬೇ" ಎಂದರೆ, "ಆತು, ಇನ್ನ ನಾಕ ಎಳಿ ಅದಾವ" ಎನ್ನುವಳು. ಆ ನಾಲ್ಕು ಎಳೆ ನನ್ನ ಬಾಲ್ಯದಲ್ಲಿ ಮುಗಿಯಲೇ ಇಲ್ಲ.

ಮೂರು ವರ್ಷದ ಹಿಂದೆ ಬಾಗಲಕೋಟೆಯ ಒಂದು ಸಭಾಂಗಣದಲ್ಲಿ ನನ್ನ ಪ್ರದರ್ಶನವಿತ್ತು. ಬೆಳಗಿನಿಂದ ಸಂಜೆ ಆರರವರೆಗೆ ಮಗ್ಗದ ಮುಂದೆ ಕೈಕಟ್ಟಿ ಕೂಡುವುದು, ಮಾತಿಲ್ಲ, ಅಲುಗಾಟವಿಲ್ಲ. ದುಡಿಸುವ ಲೋಕಕ್ಕೆ ಒಂದು ದಿನ ಒಲ್ಲೆ ಎನ್ನುವುದು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ನಮ್ಮೂರ ಪದ್ಧತಿ. ಆ ಕೆಲಸವನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದೆ. ಪಕ್ಕದಲ್ಲಿ ಅವ್ವನಿಗೊಂದು ಚಾಪೆ. ಅವಳು ಬರಲಿ, ಎಲ್ಲರೆದುರು ನಿರಾಳವಾಗಿ ಮಲಗಲಿ ಎಂಬುದೊಂದೇ ನನ್ನ ಆಸೆ. ಅವಳಿಗೆ ಮೊದಲೇ ಹೇಳಿಯೂ ಇದ್ದೆ.

ಮಧ್ಯಾಹ್ನ ಬಂದಳು, ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ. ಚಾಪೆಯ ಕಡೆ ನೋಡಲೇ ಇಲ್ಲ.

"ಅಯ್ಯ ನನ ಶಿವನ, ಕೊಂಡಿ ಅರ್ಧಕ್ಕ ಬಿಟ್ಟು ಕೈಕಟ್ಟಿ ಕುಂತೀಯಲ್ಲ! ಎಳಿ ಗಂಟ ಬೀಳ್ತಾವ" ಎಂದವಳೇ ನನ್ನ ಪಕ್ಕ ಕುಳಿತು ಜೋಡಿಸತೊಡಗಿದಳು. ಇದೂ ಪ್ರದರ್ಶನವೇ ಎಂದುಕೊಂಡು ಜನ ಸದ್ದಿಲ್ಲದೆ ನಿಂತರು. ನನಗೋ ಮೈಯೆಲ್ಲ ಉರಿ. ಬೇಡ ಎನ್ನಲು ಬಾಯಿ ತೆರೆಯುವಂತಿಲ್ಲ.

ಐದರ ಹೊತ್ತಿಗೆ ಅವಳ ಬೆರಳು ನಿಂತವು. ತಲೆ ನನ್ನ ಭುಜಕ್ಕೆ ವಾಲಿತು. ಎಳೆಗಳು ಇನ್ನೂ ಉಳಿದಿರುವಾಗಲೇ ಅವ್ವ ನಿದ್ದೆ ಹೋಗಿದ್ದಳು.

ಆರಕ್ಕೆ ಸಂಘಟಕರು ಬಂದು, "ಮುಗೀತ್ರಿ ಮೇಡಂ, ಏಳ್ರಿ" ಎಂದರು. ನಾನು ಏಳಲಿಲ್ಲ. ಜನ ಹೋದರು, ಕುರ್ಚಿಗಳನ್ನು ಎತ್ತಿಟ್ಟರು, ನನ್ನ ಭುಜ ಜೋಮು ಹಿಡಿಯಿತು. ಅಷ್ಟು ಸುಖವಾಗಿ ನಾನು ಜೀವಮಾನದಲ್ಲಿ ಕುಳಿತಿಲ್ಲ.

ಎಚ್ಚರಾದ ಅವ್ವ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು. ಮರುದಿನ ಮತ್ತೆ ಮಗ್ಗ. ಆಮೇಲೆ ಎಷ್ಟೋ ಊರುಗಳಲ್ಲಿ ಹಾಗೇ ಕುಳಿತೆ, ಚಾಪೆಯನ್ನೂ ಹಾಸಿದೆ. ಅವಳು ಬರಲಿಲ್ಲ; ಕೆಲಸವಿತ್ತಂತೆ. ಭುಜದ ಮೇಲಿನ ಆ ಭಾರಕ್ಕಾಗಿ ಜೀವ ಹಂಬಲಿಸುತ್ತದೆ. ಅಮಾವಾಸ್ಯೆ ಬಂದರೆ ಫೋನು ಮಾಡುತ್ತೇನೆ.

"ಮಕ್ಕೊಂಡಿ ಏನ ಬೇ?"

"ಮಕ್ಕೋತೇನಿ ತಗಿ. ಇನ್ನ ನಾಕ ಎಳಿ ಅದಾವ."