ಏಡಿ ಬಿಲಕ್ಕೆ ಹಾಕಿದ ಔಷಧಿ

ಎರಡು ಸಾವಿರದ ಎರಡನೇ ಇಸವಿಯಲ್ಲಿ ನನ್ನ ಓದು ನಿಂತಿತು. ಆಗ ಒಂಬತ್ತನೇ ತರಗತಿ. ನಾಲೆಗೆ ನೀರು ಬಿಟ್ಟ ವಾರ ಅಪ್ಪನ ಜೊತೆ ಬದು ಕಟ್ಟಲು ಗದ್ದೆಗೆ ಇಳಿದವನು ಮತ್ತೆ ಸ್ಕೂಲಿನ ಕಡೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ಕೆ.ಆರ್. ನಗರದ ಈ ಬಯಲಿನಲ್ಲಿ ದಾರ ಹಿಡಿಯದೆ ಕಣ್ಣಳತೆಯಲ್ಲೇ ಗದ್ದೆ ಮಟ್ಟ ಮಾಡುವವರು ಬಹಳ ಜನ ಇಲ್ಲ. ನಾನು ಮಾಡುತ್ತೇನೆ. ನನ್ನ ಬದು ಸೋರುತ್ತದೆ ಎಂದು ಯಾರಾದರೂ ಹೇಳಿದರೆ ಆ ದಿನ ಊಟ ಸೇರುವುದಿಲ್ಲ.

ಮೂರು ವರ್ಷದ ಹಿಂದೆ ಅದೇ ಮಾತು ಬಂತು. ನಾಟಿ ಮುಗಿದು ಇಪ್ಪತ್ತು ದಿನ ಆಗಿತ್ತು. ನಾಲೆಯ ನೀರಿನಲ್ಲಿ ನನ್ನ ಸರದಿ ಹಿಂದಿನ ದಿನವಷ್ಟೇ ಮುಗಿದಿತ್ತು, ಗದ್ದೆ ತುಂಬಿಸಿ ಮನೆಗೆ ಬಂದಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಪೈರಿನ ಬುಡದಲ್ಲಿ ಬರೀ ಕೆಸರು. ಬದುವಿನ ಉದ್ದಕ್ಕೂ ಏಡಿ ತೂತು ಕೊರೆದಿತ್ತು. ಕೆಳಗಿನ ಗದ್ದೆಯವನು ನನ್ನ ಜೊತೆ ಓದಿದವನು. ಅವನು ತನ್ನ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಏನ್ಲಾ, ರಾತ್ರಿಯೆಲ್ಲ ನಂಗೇ ನೀರು ಕಟ್ಟಿದ್ದೀಯ? ಬದು ಕಟ್ಟೋದ್ರಲ್ಲಿ ಮೇಷ್ಟ್ರು ಅಂತಿದ್ರಲ್ಲ ನಿನ್ನ" ಅಂದ.

ನಾನು ಸೀದಾ ಬೈಕು ಹತ್ತಿ ಪೇಟೆಗೆ ಹೋಗಿ ಗೊಬ್ಬರದಂಗಡಿಯಲ್ಲಿ ಹರಳು ಔಷಧಿ ತಂದೆ. ಪೈರಿನ ಹುಳಕ್ಕೆ ಎಂದು ಮಾರುವ ಔಷಧಿ ಅದು. ಏಡಿ ಬಿಲಕ್ಕೆ ಒಂದೊಂದು ಚಿಟಿಕೆ ಹಾಕಿದರೆ ಸಾಕು ಎಂದು ಹಿಂದೆ ಯಾರೋ ಹೇಳಿದ್ದು ತಲೆಯಲ್ಲಿತ್ತು. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಕನ್ನಡದಲ್ಲೇ ಏನೇನೋ ಬರೆದಿತ್ತು. ನನಗೆ ಓದಲು ಚೆನ್ನಾಗಿಯೇ ಬರುತ್ತದೆ. ಅವತ್ತು ಓದಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಬಿಲಗಳಿಗೆಲ್ಲ ಹಾಕಿ, ಕೆಸರು ಮೆತ್ತಿ, ಹನ್ನೊಂದು ಗಂಟೆಗೆ ಮನೆಗೆ ಬಂದು ಸ್ನಾನ ಮಾಡಿದೆ.

ಎರಡು ಗಂಟೆಗೆ ಊರ ಬಾಗಿಲ ಟೀ ಅಂಗಡಿಯಲ್ಲಿ ಕೂತಿದ್ದಾಗ ಅದೇ ಕೆಳಗಿನ ಗದ್ದೆಯವನು ಬಂದ. ನಗುತ್ತಲೇ ಬಂದ. ನಾಲೆ ಆಚೆ ಕೇರಿಯಿಂದ ನಮ್ಮ ಗದ್ದೆಗಳಿಗೆ ನಾಟಿಗೆ ಬರುವ ಮುದುಕಿಗೆ ಇವತ್ತು ಅದೃಷ್ಟ ಖುಲಾಯಿಸಿತು ಅಂದ. ಬೇರೆ ದಿನ ಆಕೆ ಮೊಣಕೈವರೆಗೆ ಬಿಲಕ್ಕೆ ಕೈ ಹಾಕಿ ಏಡಿ ಹಿಡಿಯಬೇಕು, ಹತ್ತರಲ್ಲಿ ಎರಡು ಸಿಗುತ್ತವೆ. ಇವತ್ತು ನನ್ನ ಗದ್ದೆ ಕೆಳಗಿನ ಕಾಲುವೆಯಲ್ಲಿ ಏಡಿಗಳು ತಾವೇ ಹೊರಗೆ ಬಂದು ಬಿಸಿಲಲ್ಲಿ ಕೂತಿದ್ದವಂತೆ. ಬಗ್ಗಿ ಬಗ್ಗಿ ಬಕೆಟ್ಟಿಗೆ ಆಯ್ದುಕೊಂಡು ಹೋದಳಂತೆ. ಮಗಳು ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ವಾರದಿಂದ ಶೀತ ಕೆಮ್ಮು ಬಿಟ್ಟಿಲ್ಲ, ಅದಕ್ಕೆ ಏಡಿ ಸಾರು ಮಾಡಿ ಕೊಡುತ್ತಾಳಂತೆ.

ಟೀ ಲೋಟ ಕೆಳಗಿಟ್ಟಿದ್ದು ನೆನಪಿದೆ. ಬೈಕು ಹತ್ತಿದೆ. ನಾಲೆ ತುಂಬಿ ಹರಿಯುತ್ತಿತ್ತು, ಇಳಿದು ದಾಟುವ ಹಾಗಿರಲಿಲ್ಲ. ಸೇತುವೆ ಸುತ್ತಿಕೊಂಡು ಹೋಗಬೇಕು. ಇಲ್ಲಿಂದ ಕಾಣುವ ಕೇರಿಗೆ ಎರಡು ಮೈಲಿ ದಾರಿ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಮಧ್ಯಾಹ್ನ ಹಿಡಿದಿದ್ದರೆ ತೊಳೆದು, ಚಿಪ್ಪು ತೆಗೆದು, ಕಾಲು ಕುಟ್ಟಿ ರಸ ಹಿಂಡಿ, ಖಾರ ಅರೆದು, ಇಷ್ಟು ಹೊತ್ತಿಗೆ ಒಲೆ ಮೇಲಿರಬೇಕು. ಇಲ್ಲವೇ ಇಳಿಸಿರಬೇಕು. ಅದರ ಜೊತೆಗೇ ಇನ್ನೊಂದು ಯೋಚನೆಯೂ ಓಡುತ್ತಿತ್ತು, ಅದನ್ನೂ ಬರೆಯಬೇಕು: ವಿಷ ಹಾಕಿದ್ದು ನಾನು ಎಂದು ಹೇಳದೆ ಆ ಸಾರನ್ನು ಚೆಲ್ಲಿಸುವುದು ಹೇಗೆ?

ಕೇರಿಗೆ ಹೋದಾಗ ಮುದುಕಿ ಬಾಗಿಲಲ್ಲೇ ಇದ್ದಳು. ಒಳಗೆ ಮಗಳು ಗೋಡೆಗೆ ಒರಗಿ ಕೂತಿದ್ದಳು, ಮುಂದೆ ತಟ್ಟೆ, ತಟ್ಟೆಯಲ್ಲಿ ಮುದ್ದೆ. ಸಾರಿನ ಪಾತ್ರೆ ಪಕ್ಕದಲ್ಲೇ ಹೊಗೆಯಾಡುತ್ತಿತ್ತು. ಇನ್ನೂ ಬಡಿಸಿರಲಿಲ್ಲ.

"ಅವ್ವ, ನನ್ ಗದ್ದೆ ತಾವ ಹಿಡ್ದ ಏಡಿ ಕೊಟ್ಬುಡಿ" ಅಂದೆ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏಡಿನೂ ನಿಮ್ ಪಹಣೀಲಿ ಬರ್ಕೊಂಡಿದ್ದೀರಾ? ನಾಟಿ ಹಾಕಕ್ಕೆ ನಾವು ಬೇಕು, ನಾಕು ಏಡಿ ಹಿಡಿದ್ರೆ ಹಿಂದ್ಲೇ ಬೈಕಲ್ಲಿ ಬತ್ತೀರಿ."

ಪಕ್ಕದ ಮನೆಯ ಇಬ್ಬರು ಹೆಂಗಸರು ಹೊರಗೆ ಬಂದು ನಿಂತರು. ನಾನು ಕೋಳಿ ತಂದುಕೊಡುತ್ತೇನೆ, ನಾಟಿ ಕೋಳಿಯನ್ನೇ ತರುತ್ತೇನೆ, ಏಡಿ ಬೇಡ ಅಂದೆ. ಏಡಿ ಶೀತ ಎಳೆದ ಹಾಗೆ ಕೋಳಿ ಎಳೆಯುವುದಿಲ್ಲ ಎಂದು ಆ ಹೆಂಗಸರಲ್ಲಿ ಒಬ್ಬಳು ನಕ್ಕಳು. ಅಷ್ಟರಲ್ಲಿ ಒಳಗೆ ಮಗಳು ತಾನೇ ಸೌಟು ಎತ್ತಿಕೊಂಡು ಸಾರು ಬಿಟ್ಟುಕೊಂಡಳು. ಮುದ್ದೆ ಮುರಿದಳು. ಅಷ್ಟು ಜನ ಹೆಂಗಸರ ಮುಂದೆ, ನನ್ನ ಗದ್ದೆಗೆ ಕೂಲಿಗೆ ಬರುವವರ ಮುಂದೆ, ನಾನೇ ವಿಷ ಹಾಕಿದ್ದು ಎಂದು ಹೇಗೆ ಹೇಳುವುದು? ಸಾರಲ್ಲಿ ಅದ್ದಿದ ತುತ್ತು ತಟ್ಟೆಯಿಂದ ಎದ್ದಿದ್ದನ್ನು ಕಂಡೆ.

"ಉಣ್ಬ್ಯಾಡವ್ವ. ಬಿಲಕ್ಕೆ ಔಷ್ದಿ ಹಾಕಿವ್ನಿ. ನಾನೇ."

ಯಾರೂ ಕೂಗಾಡಲಿಲ್ಲ. ಮಗಳು ತುತ್ತನ್ನು ತಟ್ಟೆಗೆ ಇಳಿಸಿ ಕೈಯನ್ನು ದೂರ ಹಿಡಿದುಕೊಂಡು ಕೂತಳು. ಮುದುಕಿ ಒಳಗೆ ಹೋಗಿ ಮಗಳ ಕೈ ತೊಳೆಸಿದಳು, ತಟ್ಟೆ ಪಾತ್ರೆ ಎರಡನ್ನೂ ಹೊರಗೆ ತಂದಿಟ್ಟಳು. ನಾಯಿ ಕೋಳಿ ಮುಟ್ಟದ ಹಾಗೆ ಗುಂಡಿ ತೆಗೆದು ಹುಯ್ಯಿ ಎಂದು ನನಗೆ ಗುದ್ದಲಿ ಕೊಟ್ಟಳು. ನಾನು ಅಗೆಯುತ್ತಿರುವಾಗ ಬಾಗಿಲ ಕಲ್ಲಿನ ಮೇಲೆ ಕೂತು, ಅಂಥ ದೊಡ್ಡ ಮಾತೇನೂ ಅಲ್ಲವೆಂಬಂತೆ ಹೇಳಿದಳು.

"ಉಪ್ಪು ನೋಡಕ್ಕೆ ನಾನು ಒಂದ್ಸೌಟು ಕುಡ್ದಿವ್ನಿ ಕಣಪ್ಪ."

ಗುದ್ದಲಿಯನ್ನು ಪಕ್ಕದ ಮನೆಯ ಹೆಂಗಸರಲ್ಲಿ ಒಬ್ಬಳ ಕೈಗೆ ಕೊಟ್ಟೆ. ಆಕೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಬೀಳದ ಹಾಗೆ ಹಿಡಿದುಕೊಳ್ಳಲು ಇನ್ನೊಬ್ಬಳನ್ನು ಹತ್ತಿಸಿಕೊಂಡು, ಆಸ್ಪತ್ರೆಗೆ ಹೊರಟೆ. ಸೇತುವೆ ದಾಟುವಾಗ ಬಾಯಲ್ಲಿ ನೀರು ಊರುತ್ತಿದೆ ಅಂದಳು. ಪೇಟೆ ಬರುವಷ್ಟರಲ್ಲಿ ಮೈ ಬೆವರಿತ್ತು. ಡಾಕ್ಟರು ಸೂಜಿ ಹಾಕಿ, ಡ್ರಿಪ್ ಹಚ್ಚಿ, ಏನು ಔಷಧಿ ಅಂತ ಕೇಳಿದರು. ನನಗೆ ಹೆಸರು ನೆನಪಿರಲಿಲ್ಲ. ಪೊಟ್ಟಣ ತರಲು ಮತ್ತೆ ಊರಿಗೆ ಓಡಿದೆ. ತಂದುಕೊಟ್ಟಾಗ ಡಾಕ್ಟರು ಅದನ್ನು ಹಿಂದೆ ತಿರುಗಿಸಿ ಗಟ್ಟಿಯಾಗಿ ಓದಿದರು. ಮೀನು ಹಕ್ಕಿಗಳಿಗೆ ಅಪಾಯ, ಹಾಕಿದ ಗದ್ದೆಯ ನೀರನ್ನು ಹೊರಗೆ ಬಿಡಬಾರದು. ಎಲ್ಲ ಇತ್ತು. ಕೆಳಗೆ ತಲೆಬುರುಡೆಯ ಚಿತ್ರವೂ ಇತ್ತು. ಓದಿ ಮುಗಿಸಿ ನನಗೆ ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ ಅಂತ ಕೇಳಿದರು. ಹೇಳಿದೆ. ಅಷ್ಟು ಸಾಕಿತ್ತಲ್ಲ ಅಂದರು.

ನಾಲ್ಕೂವರೆಗೆ ಮುದುಕಿಯ ಬೆವರು ನಿಂತಿತು. ನಾಡಿ ಸರಿಯಾಗಿದೆ, ರಾತ್ರಿ ಇಲ್ಲೇ ಇರಲಿ, ಅಪಾಯವಿಲ್ಲ ಅಂದರು. ನಾನು ಮಂಚದ ಪಕ್ಕ ನಿಂತೆ. ಹೆಂಗಿದ್ದೀರವ್ವ ಅಂದೆ. ಆಕೆ ಕಣ್ಣು ಬಿಟ್ಟಳು.

"ನಂಗೇನೋ ಬಂದು ಹೇಳ್ದೆ. ಬೆಳ್ಳಕ್ಕಿಗೆ ಯಾರಪ್ಪ ಹೇಳೋರು?"

ಅಲ್ಲಿಯವರೆಗೆ, ಗದ್ದೆಯ ಏಡಿ ಮೀನು ಹೆಕ್ಕಿ ತಿನ್ನುವ ಬೆಳ್ಳಕ್ಕಿಯ ನೆನಪೇ ನನಗೆ ಬಂದಿರಲಿಲ್ಲ. ಆಕೆಯನ್ನು ಜೊತೆಯವಳಿಗೆ ಒಪ್ಪಿಸಿ ಗದ್ದೆಗೆ ಓಡಿದೆ. ಇನ್ನೂ ಬೆಳಕಿತ್ತು. ಮೊದಲು ಕೆಳಗಿನ ಕಾಲುವೆಗೆ ನೀರು ಬೀಳುವ ಬಾಯಿಗೆ ಮಣ್ಣು ತುಂಬಿ ತುಳಿದೆ. ಆಮೇಲೆ ತಗಡು ಬಡಿಯುತ್ತಾ ಬದುವಿನ ಮೇಲೆ ಓಡಾಡಿದೆ. ಓಡಿಸಿದ ಹಕ್ಕಿ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿಯುತ್ತಿತ್ತು. ವರ್ಷಗಟ್ಟಲೆ ಉಳುವಾಗ ನನ್ನ ಟಿಲ್ಲರಿನ ಹಿಂದೆ ಹಿಂದೆ ನಡೆದು ಹುಳ ತಿಂದ ಹಕ್ಕಿಗಳು, ನನ್ನನ್ನು ಕಂಡರೆ ಹೆದರುವ ಅಭ್ಯಾಸ ಅವಕ್ಕೆ ಇರಲಿಲ್ಲ. ಕೆಳಗಿನ ಗದ್ದೆಯವನು ಬಂದು ಏನಾಯಿತು ಅಂತ ಕೇಳಿದ. ಹೇಳಿದೆ. ಅವನು ಗೇಲಿ ಮಾಡಲಿಲ್ಲ. ಮನೆಯಿಂದ ಇನ್ನೊಂದು ತಗಡು ತಂದು ಆ ಕಡೆಯ ಬದುವಿನ ಮೇಲೆ ನಿಂತ. ಹಕ್ಕಿಗಳು ಗೂಡಿಗೆ ಹೋಗುವವರೆಗೆ ಇಬ್ಬರೂ ಬಡಿದೆವು.

ಮಾರನೆಯ ಬೆಳಿಗ್ಗೆ ಕಾಲುವೆಯ ಪಕ್ಕ ಹನ್ನೊಂದು ಬೆಳ್ಳಕ್ಕಿ ಸತ್ತು ಬಿದ್ದಿದ್ದವು. ಹನ್ನೆರಡನೆಯದಕ್ಕೆ ಇನ್ನೂ ಜೀವ ಇತ್ತು, ಕತ್ತು ಎತ್ತಲು ಆಗುತ್ತಿರಲಿಲ್ಲ, ಬಿಸಿಲೇರುವ ಮೊದಲೇ ಅದೂ ಸತ್ತಿತು. ಬೆಳ್ಳಗೆ ಹೊಟ್ಟೆ ಮೇಲೆ ಮಾಡಿಕೊಂಡು ಸಣ್ಣ ಮೀನುಗಳು ತೇಲುತ್ತಿದ್ದವು. ಎಲ್ಲವನ್ನೂ ಆಳವಾಗಿ ಹೂತೆ. ಆ ಬೆಳೆಯಲ್ಲಿ ಎಲೆ ಸುರುಳಿ ಹುಳ ಹಿಂದೆಂದೂ ಕಾಣದಷ್ಟು ಬಿತ್ತು. ನನ್ನ ಗದ್ದೆಗೆ ಹಕ್ಕಿ ಇಳಿಯುತ್ತಿರಲಿಲ್ಲ. ಹುಳಕ್ಕೆ ಔಷಧಿ ಹೊಡಿ ಎಂದು ಅಂಗಡಿಯವನು ಹೇಳಿದ. ಹೊಡೆಯಲಿಲ್ಲ. ಗರಿ ಬೆಳ್ಳಗಾದ ಪೈರನ್ನು ನೋಡುತ್ತಾ ತಿಂಗಳು ಕಳೆದೆ.

ಮುದುಕಿಯ ಮಗಳಿಗೆ ಹೆರಿಗೆ ಸುಸೂತ್ರವಾಗಿ ಆಯಿತು. ಆದರೆ ಆ ಕೇರಿಯವರು ಎರಡು ವರ್ಷ ನನ್ನ ಗದ್ದೆಗೆ ನಾಟಿಗೆ ಬರಲಿಲ್ಲ. ಬರುವುದಿಲ್ಲ ಅಂತಲೂ ಹೇಳಲಿಲ್ಲ, ಕರೆಯಲು ಹೋದರೆ ಬೇರೆ ಕಡೆ ಒಪ್ಪಿಕೊಂಡಿದ್ದೇವೆ ಅನ್ನುತ್ತಿದ್ದರು. ಕಳೆದ ವರ್ಷ ಬದು ಕಟ್ಟುವ ಮೊದಲು ನಾನೇ ಹೋಗಿ ಮುದುಕಿಯನ್ನು ಕರೆದೆ, ನಾಟಿಗಲ್ಲ, ಏಡಿ ಹಿಡಿಯಲು. ಮೊದಲು ಬಿಲದ ಬಾಯಿಯ ಮಣ್ಣು ಮೂಸಿ ನೋಡಿದಳು. ಆಮೇಲೆ ಕೈ ಹಾಕಿದಳು. ಆಕೆ ಏಡಿ ಎಳೆದ ತೂತಿಗೆ ನಾನು ಹುಲ್ಲು ಕಲಸಿದ ಕೆಸರು ತುಂಬಿ ಹಿಮ್ಮಡಿಯಲ್ಲಿ ತುಳಿಯುತ್ತಾ ಹೋದೆ. ಬದು ಪೂರ್ತಿ ಮುಗಿಯಲು ಮೂರು ದಿನ ಹಿಡಿಯಿತು. ಈಗಲೂ ಅಲ್ಲಲ್ಲಿ ಸೋರುತ್ತದೆ. ಕೆಳಗಿನ ಗದ್ದೆಯವನು ಈಗಲೂ ಮೇಷ್ಟ್ರೇ ಅಂತ ಆಡಿಕೊಳ್ಳುತ್ತಾನೆ.

ಈಗ ನನಗಿರುವುದು ಎರಡು ಎಕರೆ ಹತ್ತು ಗುಂಟೆ ಗದ್ದೆ, ಎರಡು ಎಮ್ಮೆ, ಒಂದು ಟಿಲ್ಲರು. ಈ ಬೆಳೆಯಲ್ಲಿ ಬದುವಿನ ಮೇಲೆ ಇಪ್ಪತ್ತಾರು ಏಡಿ ಬಿಲ. ನಿನ್ನೆ ಬೆಳಿಗ್ಗೆ ಎಣಿಸಿದಾಗ ಗದ್ದೆಗೆ ಇಳಿದಿದ್ದು ಒಂಬತ್ತು ಬೆಳ್ಳಕ್ಕಿ.