ಕಂಡಕ್ಟರ್ ತಾತ ಹಿಡಿಯದ ಕಂಬಿ

ನಮ್ಮ ಬೀದಿಯ ಕಂಡಕ್ಟರ್ ತಾತ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಬಸ್ಸಿನಿಂದ ಇಳಿದಿರಲಿಲ್ಲ. ಮಾತಾಡುವಾಗ ಕಾಲು ಅಗಲಿಸಿ ನಿಲ್ಲುತ್ತಿದ್ದರು. ಮನೆಯಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ನಿಂತರೆ, "ಒಳಗೆ ಹೋಗ್ರೀ, ಜಾಗ ಇದೆ" ಎನ್ನುತ್ತಿದ್ದರು. ಅವರಿಗಿದ್ದ ಹೆಮ್ಮೆ ಒಂದೇ: ಬಸ್ಸು ಎಂಥ ತಿರುವಿನಲ್ಲಿ ವಾಲಿದರೂ ತಾವು ಕಂಬಿ ಹಿಡಿದವರಲ್ಲ. ಒಂದು ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಚಿಲ್ಲರೆ, ನಡುವೆ ಮನುಷ್ಯ ನೆಟ್ಟಗೆ.

ಅಂಥವರು ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿದರು. ಕೈಗೆ ಸಿಕ್ಕಿದ್ದು ಟವೆಲ್ ನೇತುಹಾಕುವ ಸರಳು. ಅದೂ ಗೋಡೆಯಿಂದ ಕಿತ್ತು ಅವರ ಜೊತೆಗೇ ಬಂತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಒಳಗಿನಿಂದ ಚಿಲಕ ಹಾಕಿದ್ದರಿಂದ ಅಳಿಯ ಬಾಗಿಲು ಒಡೆಯಬೇಕಾಯಿತು.

"ಅಪ್ಪಾ, ಇನ್ಮೇಲೆ ಬಾಗಿಲು ತೆಗೆದೇ ಇರ್ಬೇಕು. ಇವರು ಪಕ್ಕದಲ್ಲಿ ನಿಂತು ಸ್ನಾನ ಮಾಡಿಸ್ತಾರೆ" ಎಂದಳು ಮಗಳು.

"ಇನ್ನೇನು, ಟಿಕೆಟ್ ಕೊಟ್ಟು ಬೀದಿಯವರನ್ನೂ ಕೂರಿಸಿಬಿಡು!"

ತಮಾಷೆ ಮಾಡಿದವರ ಕಣ್ಣು ತುಂಬಿದ್ದನ್ನು ಅಜ್ಜಿ ನೋಡಿದರು. ಅಂದಿನಿಂದ ತಾತ ಸ್ನಾನಕ್ಕೆ ಏನಾದರೊಂದು ನೆವ ಹೇಳತೊಡಗಿದರು. ಬೀಳುವ ಭಯಕ್ಕೆ ಕುರ್ಚಿ ಬಿಟ್ಟು ಏಳುವುದೂ ಅಪರೂಪವಾಯಿತು. ಹೀಗೇ ಕೂತರೆ ಕಾಲಿನ ಬಲ ಹೋಗಿ ಮತ್ತೆ ಬೀಳುತ್ತೀರಿ ಎಂದು ಡಾಕ್ಟರು ಗದರಿದರು.

ಕೊನೆಗೆ ಅಜ್ಜಿ ಡಿಪೋದ ಹಳೆಯ ಮೆಕ್ಯಾನಿಕ್ಕನನ್ನು ಕರೆಸಿದರು. ಎಲ್ಲರ ಬಾಯಲ್ಲೂ ಅವನು 'ನಟ್ಟು ಬೋಲ್ಟು'. ಅವನು ಬಚ್ಚಲ ಗೋಡೆಗೆ ದಪ್ಪ ಕಂಬಿ ಕೂರಿಸಿ, ಮೈಭಾರವೆಲ್ಲ ಹಾಕಿ ಎಳೆದು ನೋಡಿದ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ಕೂರಲು ಸ್ಟೂಲ್ ಇಟ್ಟ. ಹೊಸ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಜೋಡಿಸಿದ.

"ಸರ್ವಿಸ್ ಪೂರ್ತಿ ಕಂಬಿ ಮುಟ್ಟಿಲ್ಲ. ಈಗ ಹಿಡೀಬೇಕಾ?" ಎಂದರು ತಾತ.

"ಮುಟ್ಟಿಲ್ಲ, ನಿಜ" ಎಂದರು ಅಜ್ಜಿ. "ಮದುವೆಗೆ ಮುಂಚೆ ನಿಮ್ಮ ಬಸ್ಸಲ್ಲೇ ತಾನೆ ನಾನು ಹೊಲಿಗೆ ಕ್ಲಾಸಿಗೆ ಹೋಗ್ತಿದ್ದಿದ್ದು? ತಿರುವು ಬಂದಾಗಲೆಲ್ಲ ನನ್ನ ಸೀಟಿಗೆ ಸೊಂಟ ಒತ್ತಿಕೊಂಡು ನಿಲ್ತಿದ್ರಿ. ನನ್ನ ನೋಡೋಕೆ ಬಂದ್ರು ಅಂದ್ಕೊಂಡಿದ್ದೆ. ಆಮೇಲೆ ತಿಳೀತು, ಬೀಳದೆ ಇರೋಕೆ ಅಂತ!"

ನಟ್ಟು ಬೋಲ್ಟು ಬಿದ್ದುಬಿದ್ದು ನಕ್ಕ. "ಎರಡಕ್ಕೂ ಕಣೇ" ಎಂದರು ತಾತ. ಆಮೇಲೆ ಮೆಲ್ಲಗೆ ಎದ್ದು ಹೋಗಿ ಕಂಬಿಯನ್ನು ಹಿಡಿದು ಅಲ್ಲಾಡಿಸಿದರು. ಅದು ಜಗ್ಗಲಿಲ್ಲ.

ಮಗಳು ಒಂದು ಷರತ್ತಿನ ಮೇಲೆ ಒಪ್ಪಿದಳು. ಬಾಗಿಲು ಮುಚ್ಚಬಹುದು, ಚಿಲಕ ಹಾಕುವಂತಿಲ್ಲ. ಒಳಗಿನಿಂದ ಆಗಾಗ ದನಿ ಬರುತ್ತಿರಬೇಕು.

ಮರುದಿನ ತಾತ ಬಾಗಿಲು ಮುಚ್ಚಿಕೊಂಡು ಒಬ್ಬರೇ ಸ್ನಾನಕ್ಕಿಳಿದರು. ಮಗಳು ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಳು. ನೀರಿನ ಸದ್ದಿನ ನಡುವೆ "ರೈಟ್!" ಎಂದು ಕೇಳಿತು. ಮತ್ತೊಮ್ಮೆ, "ರೈಟ್!" ಆಮೇಲೆ ಇದ್ದಕ್ಕಿದ್ದಂತೆ, "ಹೋಲ್ಡಾನ್!"

"ಏನಾಯ್ತಪ್ಪಾ?"

"ಟವೆಲ್ ಮರೆತೆ ಕಣಮ್ಮ."

ಬಾಗಿಲು ಗೇಣಷ್ಟು ತೆರೆಯಿತು. ಒದ್ದೆ ಕೈ ಹೊರಬಂದು ಟವೆಲ್ ತೆಗೆದುಕೊಂಡಿತು. ಬಾಗಿಲು ಮತ್ತೆ ಮುಚ್ಚಿತು.

"ರೈಟ್, ರೈಟ್!"